ಎರವಲು ಬಂದ ಜೀವ

ಒಂದು ಸಣ್ಣ ಘಟನೆಯಿಂದ ಆರಂಭಿಸುತ್ತೇನೆ. ಘಟನೆ ಸಣ್ಣದು. ಆದರೆ ಅದು ಎತ್ತಿದ ಪ್ರಶ್ನೆ ಸಣ್ಣದಲ್ಲವೆಂದು ತಿಳಿಯಲು ನನಗೆ ಕೆಲವು ದಿನಗಳೇ ಬೇಕಾದವು.

ಮಿತ್ರರೊಬ್ಬರ ಮನೆಯ ಹಜಾರದಲ್ಲಿ ಒಂದು ಗಾಜಿನ ತೊಟ್ಟಿ, ಅದರಲ್ಲಿ ಒಂದು ಗೋಲ್ಡ್‌ಫಿಶ್. ಅವರ ಎಂಟು ವರ್ಷದ ಮಗಳು ಶಾಲೆಯಿಂದ ಬಂದವಳೇ ಚೀಲ ಕೆಳಗಿಡುವ ಮೊದಲು ತೊಟ್ಟಿಯ ಬಳಿ ಹೋಗುತ್ತಿದ್ದಳು. ಮೀನೂ ಗಾಜಿನ ಅಂಚಿಗೆ ಬರುತ್ತಿತ್ತು. ಒಂದು ದಿನ ಮಗಳು ಶಾಲೆಗೆ ಹೋದ ಮೇಲೆ ನೋಡಿದರೆ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಮಿತ್ರರು ನನಗೆ ಫೋನ್ ಮಾಡಿದರು. "ಅದೇ ಬಣ್ಣದ್ದು, ಅದೇ ಗಾತ್ರದ್ದು ಇನ್ನೊಂದು ತಂದು ಬಿಟ್ಟರೆ ಹೇಗೆ? ಮಗಳಿಗೆ ಗೊತ್ತಾಗಲಿಕ್ಕಿಲ್ಲ" ಎಂದರು. ನಾನು ಸ್ವಲ್ಪವೂ ಯೋಚಿಸದೆ, ಒಳ್ಳೆಯ ಉಪಾಯ ಎಂದುಬಿಟ್ಟೆ. ಅಂಗಡಿ ಎಲ್ಲಿದೆಯೆಂದೂ ಹೇಳಿಕೊಟ್ಟೆ.

ಸಂಜೆ ಮಗಳು ತೊಟ್ಟಿಯ ಮುಂದೆ ನಿಂತು ಬಹಳ ಹೊತ್ತು ನೋಡಿದಳಂತೆ. "ಉಪ್ಪಾ, ಇದು ಅದಲ್ಲ. ಅದರ ಬಾಲದಲ್ಲಿ ಬಿಳಿ ಇತ್ತು" ಎಂದಳಂತೆ. ಅದೇ ಮೀನು ಎಂದು ತಂದೆ ಸಾಧಿಸಿದರು. ಮಗಳು ಮರುಮಾತಾಡಲಿಲ್ಲ. ಆದರೆ ರಾತ್ರಿ ತಾಯಿಯ ಬಳಿ ಹೋಗಿ ಅವಳು ಕೇಳಿದ್ದು ಮೀನಿನ ವಿಷಯವನ್ನಲ್ಲ. "ಉಪ್ಪ ಸುಳ್ಳು ಹೇಳುತ್ತಾರಾ?" ಎಂದು ಕೇಳಿದಳು.

ಆ ಸುಳ್ಳಿನಲ್ಲಿ ನನಗೂ ಪಾಲಿದೆ. ಆದುದರಿಂದಲೇ ಈ ಲೇಖನ.

ಬರೀ ಮೀನಲ್ಲವೇ?

ಇಷ್ಟಕ್ಕೆಲ್ಲ ಲೇಖನ ಬೇಕೇ ಎಂದು ನೀವು ಕೇಳಬಹುದು. ಕರಾವಳಿಯ ನಮ್ಮ ಮನೆಗಳಲ್ಲಿ ಬಂಗುಡೆ ಸಾರಿಲ್ಲದೆ ಊಟ ಇಳಿಯುವುದಿಲ್ಲ. ತಟ್ಟೆಯಲ್ಲಿರುವ ಮೀನಿಗಾಗಿ ಯಾರೂ ಅಳುವುದಿಲ್ಲ, ತೊಟ್ಟಿಯಲ್ಲಿರುವ ಮೀನಿಗೆ ಮಾತ್ರ ಏಕೆ ಕಣ್ಣೀರು? ಇದು ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ.

ಸಮುದ್ರದ ಬೇಟೆಯನ್ನೂ ಅದರ ಆಹಾರವನ್ನೂ ಅಲ್ಲಾಹನು ನಮಗೆ ಧರ್ಮಸಮ್ಮತಗೊಳಿಸಿದ್ದಾನೆ. ಅಲ್ ಮಾಇದಃ ಅಧ್ಯಾಯದ 96ನೆಯ ಸೂಕ್ತ ಇದನ್ನು ಸ್ಪಷ್ಟಪಡಿಸಿದೆ. ಇದು ಕರುಣಾಮಯನಾದ ಒಡೆಯನು ನೀಡಿದ ಅನುಮತಿ. ಆದರೆ ಅನುಮತಿಗೆ ಒಂದು ಗಡಿಯೂ ಇದೆ. ತಿನ್ನುವ ಉದ್ದೇಶವಿಲ್ಲದೆ ಬರೀ ಆಟಕ್ಕಾಗಿ ಗುಬ್ಬಿಯನ್ನು ಕೊಂದವನ ವಿರುದ್ಧ ಆ ಗುಬ್ಬಿಯು ಅಂತಿಮ ದಿನ ಅಲ್ಲಾಹನಲ್ಲಿ ದೂರು ಕೊಡುವುದೆಂದು ನಸಾಈ ವರದಿ ಮಾಡಿರುವ ಪ್ರವಾದಿ(ಸ) ವಚನವೊಂದು ತಿಳಿಸುತ್ತದೆ. ಹಸಿವಿಗಾಗಿ ಬಳಸುವುದು ಬೇರೆ, ಅಲಕ್ಷ್ಯದಿಂದ ಸಾಯಲು ಬಿಡುವುದು ಬೇರೆ. ಬಲೆಗೆ ಬಿದ್ದ ಬಂಗುಡೆಯ ವಿಷಯದಲ್ಲಿ ನಾವು ಕೃತಜ್ಞರಾಗಿರಬೇಕು. ತೊಟ್ಟಿಯಲ್ಲಿಟ್ಟ ಮೀನಿನ ವಿಷಯದಲ್ಲಿ ನಾವು ಹೊಣೆಗಾರರು. ತಟ್ಟೆಯ ಮೀನನ್ನು ಮುಂದಿಟ್ಟುಕೊಂಡು ತೊಟ್ಟಿಯ ಮೀನಿನ ಹೊಣೆಯಿಂದ ಜಾರಿಕೊಳ್ಳಲಾಗದು.

ಇನ್ನು, ಸಣ್ಣ ಜೀವವೆಂಬ ಮಾತು. ಭೂಮಿಯ ಮೇಲೆ ಚಲಿಸುವ ಪ್ರಾಣಿಗಳೂ ರೆಕ್ಕೆ ಬೀಸಿ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳೆಂದು ಅಲ್ ಅನ್‌ಆಮ್ ಅಧ್ಯಾಯದ 38ನೆಯ ಸೂಕ್ತ ಹೇಳುತ್ತದೆ. ಆಕಾಶ ಭೂಮಿಗಳಲ್ಲಿ ಅಲ್ಲಾಹನ ಪಾವಿತ್ರ್ಯವನ್ನು ಕೊಂಡಾಡದ ವಸ್ತು ಒಂದೂ ಇಲ್ಲ, ಆದರೆ ಅವುಗಳ ಜಪ ನಿಮಗೆ ಅರ್ಥವಾಗದು ಎಂದು ಅಲ್ ಇಸ್ರಾ ಅಧ್ಯಾಯದ 44ನೆಯ ಸೂಕ್ತ ತಿಳಿಸುತ್ತದೆ. ಹಾಗಿರುವಾಗ ನಿಮ್ಮ ಹಜಾರದ ಮೂಲೆಯಲ್ಲಿ ಸದ್ದಿಲ್ಲದೆ ಸುತ್ತುತ್ತಿದ್ದ ಆ ಪುಟ್ಟ ಮೀನು ಬರಿಯ ಅಲಂಕಾರದ ವಸ್ತುವಾಗಿತ್ತೇ? ನಿಮ್ಮ ಮನೆಯಲ್ಲಿ ನಿಮಗೆ ಕೇಳಿಸದ ಒಂದು ತಸ್ಬೀಹ್ ನಡೆಯುತ್ತಿತ್ತು.

ಹಕ್ಕಿ ಸತ್ತ ಮನೆ

ಪ್ರವಾದಿವರ್ಯರ(ಸ) ಸೇವೆಯಲ್ಲಿ ಬೆಳೆದ ಹ. ಅನಸ್(ರ) ಅವರಿಗೆ ಅಬೂ ಉಮೈರ್ ಎಂಬ ಪುಟ್ಟ ತಮ್ಮನಿದ್ದ. ಉಮ್ಮು ಸುಲೈಮ್(ರ) ಹಾಗೂ ಅಬೂ ತಲ್ಹಾ(ರ) ದಂಪತಿಗಳ ಮಗು. ಆ ಮಗುವಿನ ಬಳಿ ಗುಬ್ಬಿಯಷ್ಟು ಸಣ್ಣ ಹಕ್ಕಿಯೊಂದಿತ್ತು. ಅರಬರು ಅದನ್ನು ನುಗೈರ್ ಎನ್ನುತ್ತಿದ್ದರು. ಮಗು ಅದರೊಂದಿಗೆ ಆಡುತ್ತಿತ್ತು. ಒಮ್ಮೆ ಪ್ರವಾದಿ(ಸ) ಆ ಮನೆಗೆ ಬಂದಾಗ ಮಗು ಸಪ್ಪೆ ಮುಖ ಮಾಡಿ ಕುಳಿತಿತ್ತು. ಕಾರಣ ಕೇಳಿದಾಗ ಹಕ್ಕಿ ಸತ್ತಿತೆಂದು ಮನೆಯವರು ಹೇಳಿದರು. ಪ್ರವಾದಿ(ಸ) ಮಗುವಿನ ಹೆಸರಿಗೂ ಹಕ್ಕಿಯ ಹೆಸರಿಗೂ ಪ್ರಾಸ ಹೊಂದುವಂತೆ ಕರೆದು, ನಿನ್ನ ಹಕ್ಕಿಗೆ ಏನಾಯಿತೆಂದು ವಾತ್ಸಲ್ಯದಿಂದ ವಿಚಾರಿಸಿದರು. ಈ ಘಟನೆಯನ್ನು ಬುಖಾರಿ, ಮುಸ್ಲಿಮ್ ಎರಡೂ ಗ್ರಂಥಗಳು ದಾಖಲಿಸಿವೆ. ಹಕ್ಕಿ ಸತ್ತಿತ್ತೆಂಬ ವಿವರ ಇತರ ವರದಿಗಳಲ್ಲಿದೆ.

ಯೋಚಿಸಿ ನೋಡಿ. ಒಂದು ಸಮುದಾಯದ, ಒಂದು ರಾಜ್ಯದ ಹೊಣೆ ಹೊತ್ತವರು, ದಿವ್ಯವಾಣಿಯ ಭಾರ ಹೊತ್ತವರು. ಅವರಿಗೆ ಒಂದು ಗುಬ್ಬಿಯ ಸಾವಿನ ಬಗ್ಗೆ ಒಂದು ಮಗುವನ್ನು ವಿಚಾರಿಸಲು ಸಮಯವಿತ್ತು! ಬರೀ ಹಕ್ಕಿ ತಾನೇ ಎಂದು ಅವರು ನಗಲಿಲ್ಲ. ಗಂಡು ಹುಡುಗ ಅಳಬಾರದೆಂದು ಗದರಿಸಲಿಲ್ಲ. ಸತ್ತದ್ದನ್ನು ಮರೆಮಾಚಲೂ ಇಲ್ಲ, ಅದರ ಹೆಸರೆತ್ತಿಯೇ ಮಾತಾಡಿದರು.

ಇಂತಹ ಮಾತುಗಳಲ್ಲಿ ಧರ್ಮಕ್ಕೆ ಸಂಬಂಧಿಸಿದ್ದೇನಿದೆ, ಇದನ್ನೂ ಹದೀಸ್ ಎಂದು ವರದಿ ಮಾಡಬೇಕೇ ಎಂದು ಹಿಂದೆ ಕೆಲವರು ಹದೀಸ್ ವಿದ್ವಾಂಸರನ್ನು ಗೇಲಿ ಮಾಡಿದ್ದುಂಟು. ಅದಕ್ಕೆ ಉತ್ತರವಾಗಿ ಹಿಜರಿ 335ರಲ್ಲಿ ನಿಧನರಾದ ಶಾಫಿಈ ವಿದ್ವಾಂಸ ಇಬ್ನುಲ್ ಕಾಸ್ ಎಂಬವರು ಈ ಒಂದೇ ಹದೀಸಿನ ಮೇಲೆ ಒಂದು ಕಿರುಹೊತ್ತಗೆ ಬರೆದು, ಅದರಿಂದ 60 ಪಾಠಗಳನ್ನು ಹೊರತೆಗೆದು ತೋರಿಸಿದರು. ನಮ್ಮ ಕರಾವಳಿಯ ಹೆಚ್ಚಿನ ಮುಸ್ಲಿಮರು ಅನುಸರಿಸುವುದು ಅದೇ ಶಾಫಿಈ ಪಂಥವನ್ನು. ಹಕ್ಕಿಗೆ ಅನ್ನ ನೀರು ಕೊಟ್ಟು, ಹಿಂಸಿಸದೆ ಸಾಕುವುದು ಅನುಮತವೆಂದು ವಿದ್ವಾಂಸರು ಇದರಿಂದಲೇ ಹೇಳಿದರು. ಮೀನಿನ ತೊಟ್ಟಿಗೂ ಅದೇ ನಿಯಮ ಅನ್ವಯಿಸುತ್ತದೆ. ಸಾಕಬಹುದು, ಆದರೆ ಷರತ್ತಿನೊಂದಿಗೆ.

ಕಟ್ಟಿಹಾಕಿದ ಮೇಲೆ

ಆ ಷರತ್ತು ಯಾವುದು? ಒಬ್ಬ ಸ್ತ್ರೀ ಬೆಕ್ಕನ್ನು ಕಟ್ಟಿಹಾಕಿ, ತಾನೂ ಆಹಾರ ಕೊಡದೆ, ನೆಲದ ಮೇಲಿನ ಹುಳಹುಪ್ಪಟೆಗಳನ್ನು ತಿನ್ನಲೂ ಬಿಡದೆ ಸಾಯಿಸಿದ್ದರಿಂದ ನರಕ ಸೇರಿದಳೆಂಬ ಪ್ರವಾದಿ(ಸ) ವಚನವನ್ನು ನಾವೆಲ್ಲ ಕೇಳಿದ್ದೇವೆ. ಇಲ್ಲಿ ಗಮನಿಸಬೇಕಾದುದು ಕಟ್ಟಿಹಾಕಿದ್ದನ್ನು. ಬೀದಿಯ ಬೆಕ್ಕಾಗಿದ್ದರೆ ತನ್ನ ದಾರಿ ತಾನು ನೋಡಿಕೊಳ್ಳುತ್ತಿತ್ತು. ಯಾವ ಕ್ಷಣ ಅವಳು ಅದರ ದಾರಿಯನ್ನು ಮುಚ್ಚಿದಳೋ ಆ ಕ್ಷಣವೇ ಅದರ ಪೂರ್ಣ ಹೊಣೆ ಅವಳ ಹೆಗಲಿಗೆ ಬಂತು.

ಗಾಜಿನ ತೊಟ್ಟಿಯಷ್ಟು ಬಿಗಿಯಾದ ಕಟ್ಟು ಬೇರೆ ಯಾವುದಿದೆ? ಕಟ್ಟಿದ ಬೆಕ್ಕಿಗೆ ಉಸಿರಾಡುವ ಗಾಳಿಯಾದರೂ ಅಲ್ಲಾಹನ ವಿಶಾಲ ಜಗತ್ತಿನಿಂದ ಬರುತ್ತಿತ್ತು. ತೊಟ್ಟಿಯ ಮೀನಿಗೆ ಅನ್ನವೂ ಉಸಿರೂ ನಿಮ್ಮ ಕೈಯಿಂದಲೇ ಬರಬೇಕು. ಬೆಕ್ಕು ಹಸಿದರೆ ಕೂಗುತ್ತದೆ. ಯಜಮಾನನು ಹಸಿವಿನಿಂದಿಟ್ಟು ದುಡಿಸಿದ ಒಂಟೆಯೊಂದು ಪ್ರವಾದಿವರ್ಯರನ್ನು(ಸ) ಕಂಡು ಕಣ್ಣೀರು ಸುರಿಸಿತು, ಅವರು ಅದರ ತಲೆ ನೇವರಿಸಿ ಯಜಮಾನನನ್ನು ಎಚ್ಚರಿಸಿದರು ಎಂದು ಅಬೂ ದಾವೂದ್ ವರದಿ ಮಾಡಿದ್ದಾರೆ. ಮೀನಿಗೆ ಕೂಗಲು ಬರುವುದಿಲ್ಲ, ಅದರ ಕಣ್ಣೀರು ನಮಗೆ ಕಾಣುವುದಿಲ್ಲ. ದೂರು ಹೇಳಲಾರದ ಜೀವದ ದೂರನ್ನು ಹುಡುಕಿ ತಿಳಿಯುವುದು ಸಾಕಿದವನ ಕೆಲಸ.

ಹಾಗಾದರೆ ತಿಳಿಯಬೇಕಾದುದೇನು? ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ವಿಷ ಹುಟ್ಟುತ್ತದೆ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಅದನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಾಯಿಸುತ್ತವೆ. ಇವು ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲುಗಳ ಮೇಲೆ ನೆಲೆಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ತೊಟ್ಟಿ ತಂದ ದಿನವೇ ಮೀನು ತುಂಬಿಸಿದ ಮನೆಗಳಲ್ಲಿ ಮೀನುಗಳು ಒಂದೊಂದಾಗಿ ಸಾಯಲು ಮುಖ್ಯ ಕಾರಣ ಇದೇ. ಪಾಪದ ಮೀನಿನ ಆಯುಷ್ಯವೇ ಅಷ್ಟು ಎನ್ನುತ್ತೇವೆ. ಆದರೆ ಸರಿಯಾಗಿ ನೋಡಿಕೊಂಡ ಗೋಲ್ಡ್‌ಫಿಶ್ 10 ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು.

ನನ್ನ ಮಿತ್ರರ ಮನೆಯಲ್ಲಿ ಆದುದೇನೆಂದು ಆಮೇಲೆ ತಿಳಿಯಿತು. ಹಿಂದಿನ ದಿನ ರಜೆ. ತೊಟ್ಟಿ ಪಾಚಿಗಟ್ಟಿದೆಯೆಂದು ಅವರು ನೀರನ್ನೆಲ್ಲ ಚೆಲ್ಲಿ, ಕಲ್ಲನ್ನೂ ಫಿಲ್ಟರನ್ನೂ ನಲ್ಲಿಯ ಕೆಳಗೆ ತಿಕ್ಕಿ ತೊಳೆದು, ನಲ್ಲಿಯಿಂದಲೇ ಹೊಸ ನೀರು ತುಂಬಿದ್ದರು. ಕುಡಿಯುವ ನೀರಿಗೆ ಬೆರೆಸುವ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ವಾರಕ್ಕೊಮ್ಮೆ ನಾಲ್ಕರಲ್ಲಿ ಒಂದು ಪಾಲು ನೀರು ಬದಲಾಯಿಸಿ, ಹೊಸ ನೀರಿನ ಕ್ಲೋರಿನ್ ತೆಗೆದು ಹಾಕಿದ್ದರೆ ಸಾಕಿತ್ತು. ಫಿಲ್ಟರನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಬೇಕಿತ್ತು. ಅವರ ಮನಸ್ಸಿನಲ್ಲಿದ್ದುದು ಕ್ರೌರ್ಯವಲ್ಲ, ಪ್ರೀತಿಯೇ. ಆದರೆ ತಿಳುವಳಿಕೆಯಿಲ್ಲದ ಪ್ರೀತಿಯಿಂದಲೂ ಜೀವ ಹೋಗುತ್ತದೆ.

ವಿಧಿ ಮತ್ತು ನೆಪ

ಇಂತಹ ಸಂದರ್ಭಗಳಲ್ಲಿ ನಮ್ಮ ಬಾಯಿಗೆ ಸುಲಭವಾಗಿ ಬರುವ ಮಾತು, ಅಲ್ಲಾಹನ ವಿಧಿ ಎಂಬುದು. ವಿಧಿಯಲ್ಲಿ ವಿಶ್ವಾಸವಿಡುವುದು ಈಮಾನಿನ ಭಾಗ, ಸಂಶಯವಿಲ್ಲ. ಆದರೆ ಒಂಟೆಯನ್ನು ಬಿಟ್ಟು ಅಲ್ಲಾಹನ ಮೇಲೆ ಭರವಸೆಯಿಡಲೇ ಎಂದು ಕೇಳಿದವನಿಗೆ ಪ್ರವಾದಿ(ಸ), ಮೊದಲು ಕಟ್ಟು, ಆಮೇಲೆ ಭರವಸೆಯಿಡು ಎಂದು ಬೋಧಿಸಿದರು. ನಮ್ಮ ಅಲಕ್ಷ್ಯವನ್ನು ವಿಧಿಯ ಹೆಸರಿನಲ್ಲಿ ಮುಚ್ಚಿಡುವುದು ಭರವಸೆಯಲ್ಲ, ಅದು ನೆಪ.

ಕಾಯಿಲೆಯ ವಿಷಯದಲ್ಲೂ ಹೀಗೆಯೇ. ಮೀನಿನ ಮೈಮೇಲೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು ಕಾಣಿಸಿದರೆ ಅದು ಸೂಕ್ಷ್ಮ ಪರೋಪಜೀವಿಯೊಂದರ ಕೆಲಸ. ಅದು ಮೀನಿನ ಚರ್ಮದೊಳಗಿರುವಾಗ ಔಷಧಿ ಅದನ್ನು ಮುಟ್ಟುವುದಿಲ್ಲ. ಅಲ್ಲಿಂದ ಕಳಚಿ, ತಳದಲ್ಲಿ ಒಡೆದು ನೂರಾರಾಗಿ, ಮತ್ತೆ ನೀರಿನಲ್ಲಿ ಈಜುವಾಗ ಮಾತ್ರ ಅದು ಸಾಯುತ್ತದೆ. ಚುಕ್ಕೆ ಮಾಯವಾಯಿತೆಂದು ಎರಡೇ ದಿನಕ್ಕೆ ಔಷಧಿ ನಿಲ್ಲಿಸಿದರೆ ರೋಗ ಇಮ್ಮಡಿಯಾಗಿ ಮರಳುತ್ತದೆ. ಹೊಸದಾಗಿ ತಂದ ಮೀನನ್ನು ಎರಡು ಮೂರು ವಾರ ಬೇರೆ ನೀರಿನಲ್ಲಿಟ್ಟು ನೋಡಿದರೆ ಎಷ್ಟೋ ಸಾವುಗಳು ತಪ್ಪುತ್ತವೆ. ಅಲ್ಲಾಹನು ಇಳಿಸಿದ ಯಾವ ರೋಗಕ್ಕೂ ಚಿಕಿತ್ಸೆಯನ್ನು ಇಳಿಸದೆ ಬಿಟ್ಟಿಲ್ಲವೆಂದು ಪ್ರವಾದಿ(ಸ) ಹೇಳಿದರು. ಚಿಕಿತ್ಸೆಯನ್ನು ಹುಡುಕುವ ಶ್ರಮ ನಮ್ಮದು.

ಚಿಕಿತ್ಸೆ ಫಲಿಸದೆ ಮೀನು ನರಳುತ್ತಿದ್ದರೆ? ಬದುಕುವ ಆಸೆಯಿಲ್ಲದ ಪ್ರಾಣಿಯ ನೋವನ್ನು ಕೊನೆಗೊಳಿಸುವ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನಿಮ್ಮ ಊರಿನ ಬಲ್ಲವರನ್ನು ಕೇಳಿ ನಡೆಯಿರಿ. ಆದರೆ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ಅಲ್ಲಾಹನು ಪ್ರತಿಯೊಂದು ಕೆಲಸದಲ್ಲೂ ಉತ್ತಮಿಕೆಯನ್ನು ವಿಧಿಸಿದ್ದಾನೆ, ಕೊಯ್ಯುವಾಗ ಚೂರಿ ಹರಿತವಾಗಿರಬೇಕೆಂಬಷ್ಟರ ಮಟ್ಟಿಗೆ. ಜೀವವಿರುವ ಮೀನನ್ನು ಅಂಗಳಕ್ಕೆ ಎಸೆಯುವುದು, ಶೌಚದ ಗುಂಡಿಗೆ ಹಾಕಿ ನೀರು ಹೊಯ್ಯುವುದು ಆ ಉತ್ತಮಿಕೆಗೆ ವಿರುದ್ಧ. ಬೇಡವಾದ ಮೀನನ್ನು ಕೆರೆಗೆ ಬಿಡುವುದೂ ದಯೆಯಲ್ಲ. ಪರದೇಶದ ತಳಿಗಳು ನಮ್ಮ ನೀರಿನ ಮೀನುಗಳಿಗೆ ಮೃತ್ಯುವಾಗುತ್ತವೆ, ಅವುಗಳ ರೋಗವೂ ಅವುಗಳ ಜೊತೆ ಹೋಗುತ್ತದೆ.

ಅಜ್ಞಾನದಿಂದ ತಪ್ಪಿದವರು ಏನು ಮಾಡಬೇಕು? ತಪ್ಪನ್ನು ಒಪ್ಪಿಕೊಳ್ಳಬೇಕು, ಅಲ್ಲಾಹನಲ್ಲಿ ಕ್ಷಮೆ ಬೇಡಬೇಕು, ಕಲಿಯಬೇಕು. ಅಲ್ಲಿಗೆ ನಿಲ್ಲಿಸಬೇಕು. ಹಾಗೆ ಮಾಡಿದ್ದರೆ, ಹೀಗೆ ಮಾಡಿದ್ದರೆ ಎಂದು ಕೊರಗುತ್ತಾ ಕುಳಿತರೆ ಆ 'ರೆ'ಕಾರವು ಶೈತಾನನ ಕೆಲಸಕ್ಕೆ ಬಾಗಿಲು ತೆರೆಯುವುದೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ.

ಆಪತ್ತು ಮೀನಿನ ಮೇಲೆ ಹೋಯಿತೇ?

ಈಚೆಗೆ ಮುಸ್ಲಿಮರ ಮನೆಗಳಲ್ಲೂ ಕೇಳಿಬರುವ ಒಂದು ಮಾತಿದೆ. ಮನೆಗೆ ಬರಲಿದ್ದ ಕೇಡನ್ನು ಮೀನು ತನ್ನ ಮೇಲೆ ಎಳೆದುಕೊಂಡು ಸತ್ತಿತು ಎನ್ನುತ್ತಾರೆ. ವಾಸ್ತುವಿಗೆಂದು ಅರೋವಾನ, ಫ್ಲವರ್‌ಹಾರ್ನ್ ಮೀನುಗಳನ್ನು ದೊಡ್ಡ ಬೆಲೆಗೆ ತರುವವರಿದ್ದಾರೆ. ಸತ್ತ ಮಗುವನ್ನು ಸಮಾಧಾನಪಡಿಸಲು ಯಾರೂ ಇಂತಹ ಮಾತು ಬಳಸಲಾರರು, ಆದರೆ ಸತ್ತ ಮೀನಿಗಾಗಿ ಅಳುವ ಮಗುವಿಗೆ ಇದನ್ನೇ ಸಾಂತ್ವನವಾಗಿ ಹೇಳುತ್ತಾರೆ. ಇದು ತೌಹೀದಿಗೆ ಪೆಟ್ಟು ಕೊಡುವ ಮಾತು. ಅಜ್ಞಾನ ಕಾಲದ ಅರಬರು ಹಕ್ಕಿ ಹಾರಿದ ದಿಕ್ಕು ನೋಡಿ ಶಕುನ ಕಾಣುತ್ತಿದ್ದರು. ಇಸ್ಲಾಮ್ ಅದನ್ನು ತೊಡೆದುಹಾಕಿತು. ಹಾರುವ ಹಕ್ಕಿಯ ಶಕುನವನ್ನು ಬಿಟ್ಟು ಈಜುವ ಮೀನಿನ ಶಕುನವನ್ನು ಹಿಡಿಯುವುದು ಯಾವ ಜಾಣತನ?

ಹಿಜರಿ 10ರಲ್ಲಿ (ಕ್ರಿ.ಶ. 632) ಪ್ರವಾದಿವರ್ಯರ(ಸ) ಪುತ್ರ, ಎರಡು ವರ್ಷವೂ ತುಂಬದ ಇಬ್ರಾಹೀಮ್ ಮರಣ ಹೊಂದಿದಾಗ ಅವರ ಕಣ್ಣುಗಳು ತುಂಬಿ ಬಂದವು. ತಾವೂ ಅಳುವುದೇ ಎಂದು ಸಂಗಾತಿಯೊಬ್ಬರು ಅಚ್ಚರಿಪಟ್ಟಾಗ, ಇದು ಕಾರುಣ್ಯವೆಂದರು. ಕಣ್ಣು ಹನಿಗೂಡುತ್ತದೆ, ಹೃದಯ ನೋಯುತ್ತದೆ, ಆದರೆ ನಾಲಿಗೆ ಒಡೆಯನು ಮೆಚ್ಚುವುದನ್ನಷ್ಟೇ ಆಡುತ್ತದೆ ಎಂಬುದು ಅವರ ಮಾತಿನ ಸಾರ. ಅದೇ ದಿನ ಸೂರ್ಯಗ್ರಹಣವಾಯಿತು. ಇಬ್ರಾಹೀಮರ ಸಾವಿನಿಂದ ಸೂರ್ಯನೇ ಮಸುಕಾದನೆಂದು ಜನ ಆಡಿಕೊಂಡರು. ದುಃಖದ ಆ ಗಳಿಗೆಯಲ್ಲೂ ಪ್ರವಾದಿ(ಸ), ಯಾರ ಸಾವಿಗಾಗಿಯೂ ಸೂರ್ಯ ಚಂದ್ರರಿಗೆ ಗ್ರಹಣ ಹಿಡಿಯುವುದಿಲ್ಲವೆಂದು ಸಾರಿದರು. ಅಳುವುದಕ್ಕೆ ಅನುಮತಿಯಿದೆ, ಸುಳ್ಳು ನಂಬುವುದಕ್ಕಿಲ್ಲ.

ಮಗುವಿಗೆ ಏನು ಹೇಳಬೇಕು?

ಈಗ ಆ ಎಂಟು ವರ್ಷದ ಮಗಳ ಪ್ರಶ್ನೆಗೆ ಮರಳೋಣ. ಒಬ್ಬ ತಾಯಿ ತನ್ನ ಮಗುವನ್ನು, ಬಾ, ನಿನಗೊಂದು ಕೊಡುತ್ತೇನೆ ಎಂದು ಕರೆದಾಗ ಏನು ಕೊಡಲಿದ್ದೀ ಎಂದು ಪ್ರವಾದಿ(ಸ) ಕೇಳಿದರು. ಖರ್ಜೂರವೆಂದು ತಾಯಿ ಹೇಳಿದಾಗ, ಏನೂ ಕೊಡದಿದ್ದರೆ ನಿನ್ನ ಲೆಕ್ಕದಲ್ಲಿ ಒಂದು ಸುಳ್ಳು ಬರೆಯಲ್ಪಡುತ್ತಿತ್ತೆಂದು ಎಚ್ಚರಿಸಿದರು. ಒಂದು ಖರ್ಜೂರದ ಸುಳ್ಳು ಬರೆಯಲ್ಪಡುವುದಾದರೆ ಒಂದು ಮೀನಿನ ಸುಳ್ಳು ಬಿಟ್ಟುಹೋದೀತೇ?

ಮೀನು ಸತ್ತಿತೆಂದು ಹೇಳಿ. ನಿದ್ದೆ ಹೋಗಿದೆ, ಊರಿಗೆ ಹೋಗಿದೆ ಎನ್ನಬೇಡಿ. ನಿಮ್ಮ ತಪ್ಪಿದ್ದರೆ ಅದನ್ನೂ ಹೇಳಿ. ತಂದೆ ತಪ್ಪೊಪ್ಪಿಕೊಳ್ಳುವುದನ್ನು ಕಂಡ ಮಗು ತೌಬಾ ಎಂದರೇನೆಂದು ಪುಸ್ತಕವಿಲ್ಲದೆ ಕಲಿಯುತ್ತದೆ. ಅಳಲಿ, ತಡೆಯಬೇಡಿ. ಮಗುವಿನೊಂದಿಗೆ ಹಿತ್ತಿಲಲ್ಲಿ ಗುಂಡಿ ತೋಡಿ ಮೀನನ್ನು ಮಣ್ಣಿಗೆ ಸೇರಿಸಿ. ಅದಕ್ಕೆ ನಮಾಝ್ ಇಲ್ಲವೆಂದೂ ತಿಳಿಸಿ. ಸ್ವರ್ಗದಲ್ಲಿ ಅದು ಸಿಗುವುದೇ ಎಂದು ಕೇಳಿದರೆ, ಪ್ರಾಣಿಗಳೂ ತಮ್ಮ ಒಡೆಯನ ಬಳಿ ಒಟ್ಟುಗೂಡಿಸಲ್ಪಡುವವೆಂದು ಕುರ್‌ಆನ್ ಹೇಳಿದೆ, ಅದರಾಚೆಗಿನ ಜ್ಞಾನ ಅಲ್ಲಾಹನದು ಎಂದು ಉತ್ತರಿಸಿ. ಗೊತ್ತಿರುವಷ್ಟನ್ನೇ ಹೇಳುವ ಪ್ರಾಮಾಣಿಕತೆಯೂ ಮಗುವಿಗೆ ಒಂದು ಪಾಠ. ಇನ್ನೊಂದು ಮೀನು ತರುವುದಾದರೆ ಸ್ವಲ್ಪ ದಿನ ಕಳೆಯಲಿ, ಹೊಸದೆಂದು ಹೇಳಿಯೇ ತನ್ನಿ.

ಎರವಲು

ಹಕ್ಕಿ ಸತ್ತ ಮನೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಉಮ್ಮು ಸುಲೈಮ್(ರ) ಅವರ ಪುಟ್ಟ ಮಗನೊಬ್ಬ ಕಾಯಿಲೆಯಿಂದ ತೀರಿಹೋದ. ಆ ಮಗು ಅಬೂ ಉಮೈರ್ ಆಗಿದ್ದನೆಂದು ಹಲವು ವಿದ್ವಾಂಸರು ಹೇಳಿದ್ದಾರೆ. ಮನೆಗೆ ಬಂದ ಪತಿಗೆ ಆ ತಾಯಿ ಮೊದಲು ಊಟ ಬಡಿಸಿದರು. ಅನಂತರ ಒಂದು ಪ್ರಶ್ನೆ ಕೇಳಿದರು. ಯಾರಾದರೂ ಒಂದು ಮನೆಯವರಿಗೆ ತಮ್ಮ ವಸ್ತುವನ್ನು ಎರವಲು ಕೊಟ್ಟು ಆಮೇಲೆ ಮರಳಿ ಕೇಳಿದರೆ ಕೊಡಲಾರೆವು ಎನ್ನುವ ಹಕ್ಕು ಆ ಮನೆಯವರಿಗಿದೆಯೇ? ಇಲ್ಲವೆಂದರು ಅಬೂ ತಲ್ಹಾ(ರ). ಹಾಗಾದರೆ ನಿಮ್ಮ ಮಗನ ವಿಷಯದಲ್ಲಿ ಸಹನೆ ವಹಿಸಿ ಎಂದರು ಆ ತಾಯಿ.

ಎರವಲು ಎಂಬ ಆ ಒಂದು ಮಾತಿನಲ್ಲಿ ಎರಡು ಕರ್ತವ್ಯಗಳಿವೆ. ಎರವಲು ತಂದ ಪಾತ್ರೆಯನ್ನು ಯಾರೂ ಒಡೆದು ಮರಳಿಸುವುದಿಲ್ಲ, ತಮ್ಮದಕ್ಕಿಂತ ಜೋಪಾನವಾಗಿ ನೋಡಿಕೊಳ್ಳುತ್ತಾರೆ. ಒಡೆಯ ಕೇಳಿದಾಗ ಜಗಳವಾಡದೆ ಮರಳಿಸುತ್ತಾರೆ. ಮೊದಲನೆಯದನ್ನು ಮರೆತವನ ಸಹನೆ ಬರೀ ಉದಾಸೀನ. ಎರಡನೆಯದನ್ನು ಮರೆತವನ ಪ್ರೀತಿ ಒಡೆತನದ ಹಟ. ಆ ಮನೆಯ ಮಗು ಮೊದಲು ಹಕ್ಕಿಯನ್ನು ಮರಳಿಸಿತು, ಆ ಬಳಿಕ ತಂದೆತಾಯಿ ಮಗುವನ್ನೇ ಮರಳಿಸಿದರು. ದೊಡ್ಡ ಮರಳಿಸುವಿಕೆಗೆ ಹೃದಯವನ್ನು ಹದಗೊಳಿಸುವುದು ಇಂತಹ ಸಣ್ಣ ಮರಳಿಸುವಿಕೆಗಳೇ ಅಲ್ಲವೇ?

ಮಿತ್ರರು ಮರುದಿನ ಮಗಳನ್ನು ಕೂರಿಸಿಕೊಂಡು ನಡೆದುದೆಲ್ಲವನ್ನೂ ಹೇಳಿದರು. ನೀರು ಬದಲಾಯಿಸಿದ್ದು ತಾನು, ಸುಳ್ಳು ಹೇಳಿದ್ದೂ ತಾನು ಎಂದರು. ಮಗಳು ಅತ್ತಳು. ಆಮೇಲೆ, ಸತ್ತ ಮೀನನ್ನು ಎಲ್ಲಿ ಹಾಕಿದಿರಿ ಎಂದು ಕೇಳಿದಳು. ಆ ಪ್ರಶ್ನೆಗೆ ಅವರಲ್ಲಿ ಹೇಳಿಕೊಳ್ಳುವಂತಹ ಉತ್ತರವಿರಲಿಲ್ಲ. ಹೊಸ ಮೀನು ಈಗಲೂ ಅದೇ ತೊಟ್ಟಿಯಲ್ಲಿದೆ. ಅದರ ನೀರಿನ ದಿನವನ್ನು ಮಗಳೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತಂದೆಗೆ ನೆನಪಿಸುತ್ತಾಳಂತೆ.

ಪ್ರಿಯ ಓದುಗರೇ, ಜನರಿಗೆ ಒಳಿತನ್ನು ಕಲಿಸುವವನಿಗಾಗಿ ಬಿಲದ ಇರುವೆ, ನೀರಿನೊಳಗಿನ ಮೀನು ಕೂಡ ಪ್ರಾರ್ಥಿಸುವುದೆಂದು ಪ್ರವಾದಿ(ಸ) ಹೇಳಿದ್ದಾರೆ. ನಮಗಾಗಿ ಪ್ರಾರ್ಥಿಸಬಹುದಾದ ಜೀವವು ನಾಳೆ ನಮ್ಮ ವಿರುದ್ಧ ದೂರು ಕೊಡುವಂತಾಗದಿರಲಿ. ಇಂದು ಮನೆಗೆ ಹೋದಾಗ ತೊಟ್ಟಿಯ ಮುಂದೆ, ಗೂಡಿನ ಮುಂದೆ, ಹಟ್ಟಿಯ ಮುಂದೆ ಒಂದು ಗಳಿಗೆ ನಿಂತು ನೋಡಿ. ನೀವು ದಾರಿ ಮುಚ್ಚಿಟ್ಟಿರುವ ಆ ಜೀವಕ್ಕೆ ಈ ಹೊತ್ತು ಏನು ಬೇಕಾಗಿದೆಯೆಂದು ನಿಮ್ಮನ್ನೇ ಕೇಳಿಕೊಳ್ಳಿ. ನಮ್ಮ ಕೈಗೆ ಕೊಟ್ಟ ಪ್ರತಿಯೊಂದು ಅಮಾನತನ್ನು ಜೋಪಾನವಾಗಿ ಕಾಯುವ ಎಚ್ಚರವನ್ನೂ, ಮರಳಿ ಕೇಳಿದಾಗ ತೃಪ್ತ ಮನಸ್ಸಿನಿಂದ ಒಪ್ಪಿಸುವ ಸಹನೆಯನ್ನೂ ಅಲ್ಲಾಹನು ನಮ್ಮೆಲ್ಲರಿಗೆ ದಯಪಾಲಿಸಲಿ. ಆಮೀನ್.